ಇಂಧನ ಇನ್ನೂ ಬಾಕಿ ಇರುವಾಗಲೇ ರಿಯಾಕ್ಟರಿನಿಂದ ಯಾಕೆ ತೆಗೀತಾರೆ?

ನಾನು ಲೋಹಶಾಸ್ತ್ರ ಪಾಠ ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಜನ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ಚಿನ್ನದ ಬೆಲೆ ಇಳಿಯುತ್ತಾ? ಅದಕ್ಕೂ ನನಗೂ ಸಂಬಂಧ ಇಲ್ಲ. ಇನ್ನೊಂದು ಹೀಗಿರುತ್ತದೆ: "ರಿಯಾಕ್ಟರಿನಿಂದ ಹೊರಗೆ ಬರುವ ಇಂಧನದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಯುರೇನಿಯಂ ಹಾಗೇ ಇರುತ್ತಂತೆ. ಒಲೆಗೆ ಹಾಕಿದ ಸೌದೆ ಬೂದಿ ಆಗೋವರೆಗೂ ನಾವು ಬಿಡ್ತೀವಿ. ಇವರು ಯಾಕೆ ಅರ್ಧಂಬರ್ಧ ಸುಟ್ಟು ಎತ್ತಿಡ್ತಾರೆ? ದುಡ್ಡು ದಂಡ ಅಲ್ವಾ?"

ಒಳ್ಳೆಯ ಪ್ರಶ್ನೆ. ಅರ್ಧಂಬರ್ಧ ಅನ್ನೋದೇ ಉದಾರವಾದ ಮಾತು. ನಮ್ಮ ಕೈಗಾದಲ್ಲಿ ಸುಡುವುದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ.

ಸೌದೆಯ ಹೋಲಿಕೆ ಎಲ್ಲಿ ಕೈಕೊಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಸೌದೆ ಉರಿದರೆ ಹೊಗೆ ಮೇಲೆ ಹೋಗುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಯುರೇನಿಯಂ ಹಾಗಲ್ಲ. ಒಂದು ಪರಮಾಣು ಒಡೆದು ಎರಡಾಗುತ್ತದೆ, ಆ ಎರಡೂ ಇಂಧನದ ಅದೇ ಗುಳಿಗೆಯಲ್ಲೇ ಉಳಿಯುತ್ತವೆ. ಹೊಗೆಯೂ ಒಳಗೆ, ಬೂದಿಯೂ ಒಳಗೆ. ಗುಳಿಗೆಯ ಸುತ್ತ ಗಾಳಿಯಾಡದ ಹಾಗೆ ಮುಚ್ಚಿದ ಲೋಹದ ಕೊಳವೆ. ಅದರ ಗೋಡೆಯ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ವಿಕಿರಣಶೀಲ ಪದಾರ್ಥಗಳನ್ನು ಹೊರಗೆ ಬಿಡದೆ ಹಿಡಿದಿಡುವ ಮೊದಲ ಗೋಡೆ ಅದೇ.

ಈಗ ಕೈಗಾ. ಅಲ್ಲಿರುವ 220 ಮೆಗಾವಾಟ್ ಘಟಕಗಳಿಗೆ ಹಾಕುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು 0.7 ಪ್ರತಿಶತ ಮಾತ್ರ. 19 ಕಡ್ಡಿಗಳ, ಸುಮಾರು ಅರ್ಧ ಮೀಟರ್ ಉದ್ದದ ಬಂಡಲ್‌ಗಳನ್ನು 306 ಅಡ್ಡ ಕೊಳವೆಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಟನ್ನಿಗೆ ಸುಮಾರು 7,000 ಮೆಗಾವಾಟ್-ದಿನದಷ್ಟು (ಒಂದು ಮೆಗಾವಾಟ್ ಇಡೀ ದಿನ ಬಂದರೆ ಒಂದು ಮೆಗಾವಾಟ್-ದಿನ) ಶಾಖ ಕೊಟ್ಟ ಮೇಲೆ ಬಂಡಲ್ ಹೊರಗೆ. ಅಷ್ಟು ಹೊತ್ತಿಗೆ ಯುರೇನಿಯಂ-235 ಬಹುಪಾಲು ಖರ್ಚಾಗಿರುತ್ತದೆ. ಒಡೆದ ಚೂರುಗಳಲ್ಲಿ ಕೆಲವು ನ್ಯೂಟ್ರಾನ್‌ಗಳನ್ನು ನುಂಗುತ್ತಾ ಕೂತಿರುತ್ತವೆ. ಉಳಿದ ಯುರೇನಿಯಂ-238 ಈ ರಿಯಾಕ್ಟರಿನಲ್ಲಿ ತಾನಾಗಿ ಉರಿಯನ್ನು ಮುಂದುವರಿಸುವ ಜಾತಿಯದಲ್ಲ. ಸ್ವಲ್ಪ ಭಾಗ ಪ್ಲುಟೋನಿಯಂ ಆಗಿ, ಅದರಲ್ಲೂ ಸ್ವಲ್ಪ ಅಲ್ಲೇ ಒಡೆದು ಸಹಾಯ ಮಾಡುತ್ತದೆ, ಆದರೆ ಸಾಲದು. ಅಂದರೆ ಇಲ್ಲಿ ಕಾರಣ ನ್ಯೂಟ್ರಾನ್ ಲೆಕ್ಕ. ಸುಮ್ನೆ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. ಕೈಯಲ್ಲಿ ಎತ್ತಬಹುದಾದ ಅಂಥ ಒಂದು ಬಂಡಲ್ ಆರು ಲಕ್ಷ ಯೂನಿಟ್ಟಿಗೂ ಜಾಸ್ತಿ ವಿದ್ಯುತ್ ಕೊಟ್ಟು ಹೊರಗೆ ಬರುತ್ತದೆ. ರಿಯಾಕ್ಟರ್ ನಿಲ್ಲಿಸದೆಯೇ ಬಂಡಲ್ ಬದಲಾಯಿಸಬಹುದಾದ್ದರಿಂದ ಬೇಗ ತೆಗೆಯುವುದು ಅಷ್ಟು ದೊಡ್ಡ ತಲೆನೋವೂ ಅಲ್ಲ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದರ ಹಿಂದೆ ಈ ಸೌಕರ್ಯವೂ ಇದೆ.

ಆದರೆ ಈ ಉತ್ತರ ಕೊಟ್ಟು ನಿಲ್ಲಿಸಿದರೆ ನನ್ನಂಥವರಿಗೆ ಕೆಲಸವೇ ಇರುತ್ತಿರಲಿಲ್ಲ. ಯಾಕಂದರೆ ನ್ಯೂಟ್ರಾನಿಗೆ ಬರವೇ ಇಲ್ಲದ ರಿಯಾಕ್ಟರಿನಲ್ಲೂ ಇಂಧನವನ್ನು ಮಧ್ಯದಲ್ಲೇ ತೆಗೀತಾರೆ. ಅಲ್ಲಿ ಸೋಲುವುದು ಇಂಧನ ಅಲ್ಲ, ಅದನ್ನು ಹೊತ್ತಿರುವ ಉಕ್ಕು.

ಕಲ್ಪಾಕ್ಕಂನ ಎಫ್‌ಬಿಟಿಆರ್ ಅಂಥ ರಿಯಾಕ್ಟರ್. ಫ್ರಾನ್ಸಿನ ರಾಪ್ಸೋದಿ ರಿಯಾಕ್ಟರಿನ ಮಾದರಿಯಲ್ಲಿ ಶುರುವಾದ, ದ್ರವ ಸೋಡಿಯಂನಿಂದ ತಂಪಾಗುವ ಚಿಕ್ಕ ಫಾಸ್ಟ್ ರಿಯಾಕ್ಟರ್, ಅಂದರೆ ನ್ಯೂಟ್ರಾನ್‌ಗಳ ವೇಗ ತಗ್ಗಿಸದೆ ನಡೆಯುವ ರಿಯಾಕ್ಟರ್ ಇದು. ಮೊದಲ ಯೋಜನೆಯ ಪ್ರಕಾರ ಇದಕ್ಕೆ ಸಮೃದ್ಧ ಯುರೇನಿಯಂ, ಅಂದರೆ 235ರ ಪಾಲು ಹೆಚ್ಚಿಸಿದ ಯುರೇನಿಯಂ ಬೇಕಿತ್ತು. 1974ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯಿತು, ಆಮೇಲೆ ಅದು ಯಾರಿಂದಲೂ ಸಿಗಲಿಲ್ಲ. ಆಗ ನಮ್ಮವರು ಹಿಡಿದ ದಾರಿ ಸ್ವಲ್ಪ ಹುಚ್ಚು ಧೈರ್ಯದ್ದೇ: 70 ಭಾಗ ಪ್ಲುಟೋನಿಯಂ ಕಾರ್ಬೈಡ್, 30 ಭಾಗ ಯುರೇನಿಯಂ ಕಾರ್ಬೈಡ್ ಸೇರಿಸಿದ ಇಂಧನ. ಇಡೀ ರಿಯಾಕ್ಟರನ್ನು ಇಂಥ ಇಂಧನದಿಂದ ನಡೆಸಿದ ಅನುಭವ ಬೇರೆಲ್ಲೂ ಇರಲಿಲ್ಲ. ಪುಸ್ತಕ ತೆಗೆದು ನೋಡೋಣ ಅಂದರೆ ಪುಸ್ತಕವೇ ಇಲ್ಲ. 1985ರ ಅಕ್ಟೋಬರ್ 18ರಂದು ರಿಯಾಕ್ಟರ್ ಶುರುವಾಯಿತು, ಅದೇ ಅದರ ಇಂಧನದ ಪ್ರಯೋಗಶಾಲೆಯೂ ಆಯಿತು.

ಹಾಗಾಗಿ ಹೆಜ್ಜೆ ಹೆಜ್ಜೆಯಾಗಿ ಹೋದರು. ಟನ್ನಿಗೆ 25,000 ಮೆಗಾವಾಟ್-ದಿನ ಆದ ಮೇಲೆ ಒಂದು ಕಟ್ಟು ತೆಗೆದರು, ಕೊಯ್ದು ನೋಡಿದರು, ಪರವಾಗಿಲ್ಲ ಅನಿಸಿತು. ಆಮೇಲೆ 50,000ಕ್ಕೆ ಹೋದರು, ಮತ್ತೆ ಕೊಯ್ದರು. ಆಮೇಲೆ 1,00,000. ಕೊನೆಗೆ 1,55,000. ಸುಮಾರು 10,000ಕ್ಕೆ ನೂರರಲ್ಲಿ ಒಂದು ಪರಮಾಣು ಒಡೆದ ಲೆಕ್ಕ, ಅಂದರೆ ಕೊನೆಯ ಹೆಜ್ಜೆಯಲ್ಲಿ ನೂರಕ್ಕೆ ಹದಿನಾರರಷ್ಟು ಸುಟ್ಟಿತ್ತು. ಕೈಗಾದ ಪಕ್ಕದಲ್ಲಿಟ್ಟು ನೋಡಿ, ಎಲ್ಲಿಗೆ ಎಲ್ಲಿ! ಆದರೂ ಅಲ್ಲಿಗೆ ಬಂದಾಗ ಮುಖ್ಯ ಪ್ರಶ್ನೆ ಇಂಧನ ಇನ್ನೆಷ್ಟು ಉಳಿದಿದೆ ಅನ್ನೋದಾಗಿರಲಿಲ್ಲ. ಕೊಳವೆ ಇನ್ನೆಷ್ಟು ತಡೆಯುತ್ತದೆ ಅನ್ನೋದಾಗಿತ್ತು.

ಉಕ್ಕಿಗೆ ಏನಾಗುತ್ತದೆ ಅಂದರೆ, ವೇಗದ ನ್ಯೂಟ್ರಾನ್ ಬಂದು ಕಬ್ಬಿಣದ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ, ಅದು ಜಾಗ ಬಿಟ್ಟು ಹಾರಿ ಪಕ್ಕದವರನ್ನೂ ತಳ್ಳುತ್ತದೆ. ಜಾಗ ಬಿಟ್ಟವುಗಳಲ್ಲಿ ಬಹುಪಾಲು ಕ್ಷಣಾರ್ಧದಲ್ಲಿ ಯಾವುದೋ ಖಾಲಿ ಜಾಗ ಹಿಡಿದು ಕೂತುಬಿಡುತ್ತವೆ. ಎಲ್ಲವೂ ಕೂರುವುದಿಲ್ಲ. ಈ ಹೊಡೆತವನ್ನು ಅಳೆಯುವುದಕ್ಕೆ ನಮ್ಮಲ್ಲಿ ಡಿಪಿಎ ಅಂತ ಒಂದು ಅಳತೆ ಇದೆ, ಪ್ರತಿ ಪರಮಾಣು ಸರಾಸರಿ ಎಷ್ಟು ಸಲ ತನ್ನ ಜಾಗದಿಂದ ಎಗರಿತು ಅನ್ನುವ ಲೆಕ್ಕ. ಎಫ್‌ಬಿಟಿಆರ್‌ನ ಆ ಕೊನೆಯ ಹೆಜ್ಜೆಯಲ್ಲಿ ಅದು 80 ದಾಟಿತ್ತು. ಉಕ್ಕಿನ ಒಂದೊಂದು ಪರಮಾಣುವೂ 80ಕ್ಕೂ ಹೆಚ್ಚು ಸಲ ಮನೆ ಬದಲಾಯಿಸಿದೆ, ಆದರೂ ಅದು ಕೊಳವೆಯ ಆಕಾರದಲ್ಲೇ ನಿಂತಿದೆ. ಇಷ್ಟು ವರ್ಷ ಪಾಠ ಮಾಡಿದರೂ ಈ ಸಂಖ್ಯೆ ಬಂದಾಗ ನನಗೆ ಇವತ್ತಿಗೂ ಆಶ್ಚರ್ಯವೇ.

ಆದರೆ ನಿಂತ ಕೊಳವೆ ಮೊದಲಿನ ಕೊಳವೆ ಅಲ್ಲ. ಹಾರಿಹೋದ ಪರಮಾಣುಗಳು ಉಕ್ಕಿನ ಹರಳಿನಲ್ಲಿ ಪರಮಾಣುಗಳ ಸಾಲು ತಪ್ಪಿರುವ ಕಡೆಗಳಿಗೆ (ಡಿಸ್‌ಲೊಕೇಶನ್) ಸ್ವಲ್ಪ ಜಾಸ್ತಿ ಸುಲಭವಾಗಿ ಹೋಗಿ ಸೇರುತ್ತವೆ. ಖಾಲಿ ಜಾಗಗಳು ಆ ಮಟ್ಟಿಗೆ ಹಿಂದೆ ಉಳಿಯುತ್ತವೆ. ಉಕ್ಕು ಬಿಸಿ ಇರುವುದರಿಂದ ಅವು ಓಡಾಡುತ್ತಾ ಒಂದಕ್ಕೊಂದು ಸಿಕ್ಕಿ ಗುಂಪಾಗಿ ಸಣ್ಣ ಪೊಳ್ಳುಗಳಾಗುತ್ತವೆ. ಉಕ್ಕಿನಲ್ಲಿರುವ ನಿಕಲ್ ಮತ್ತು ಬೋರಾನ್‌ನಿಂದ ಹುಟ್ಟುವ ಹೀಲಿಯಂ ಆ ಪೊಳ್ಳುಗಳು ಮುಚ್ಚಿಹೋಗದ ಹಾಗೆ ನೋಡಿಕೊಳ್ಳುತ್ತದೆ. ಉಕ್ಕು ಊದಿಕೊಳ್ಳುತ್ತದೆ. ಹೌದು, ಗಟ್ಟಿ ಸ್ಟೇನ್‌ಲೆಸ್ ಸ್ಟೀಲ್, ಊದಿಕೊಳ್ಳುತ್ತದೆ!

ಇದನ್ನು ಮೊದಲೇ ಯಾರೂ ಊಹಿಸಿರಲಿಲ್ಲ. ಸ್ಕಾಟ್ಲೆಂಡಿನ ಡೌನ್‌ರೇ ಫಾಸ್ಟ್ ರಿಯಾಕ್ಟರಿನಿಂದ ತೆಗೆದ ಉಕ್ಕನ್ನು ಕಾಥಾರ್ನ್ ಮತ್ತು ಫುಲ್ಟನ್ ಎಂಬ ಇಬ್ಬರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪೊಳ್ಳುಗಳು ಕಂಡವು. ದೊಡ್ಡವೂ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. 1967ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಆ ಚಿಕ್ಕ ವರದಿ ಪ್ರಪಂಚದ ಎಲ್ಲ ಫಾಸ್ಟ್ ರಿಯಾಕ್ಟರ್ ವಿನ್ಯಾಸಕಾರರ ನಿದ್ದೆ ಕೆಡಿಸಿತು. ಯಾಕಂದರೆ ಈ ರಿಯಾಕ್ಟರುಗಳಲ್ಲಿ ಪಿನ್‌ಗಳ (ಇಂಧನದ ಗುಳಿಗೆ ತುಂಬಿದ ಕೊಳವೆಗಳ) ಕಟ್ಟನ್ನು ಆರು ಮೂಲೆಯ ಉಕ್ಕಿನ ಡಬ್ಬಿಯಲ್ಲಿಟ್ಟು, ಡಬ್ಬಿಗಳನ್ನು ಒಂದರ ಪಕ್ಕ ಒಂದು ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ. ಅವು ಊದಿದರೆ, ಒಂದು ಪಕ್ಕ ಜಾಸ್ತಿ ಊದಿ ಬಾಗಿದರೆ, ಒಂದಕ್ಕೊಂದು ಕಚ್ಚಿಕೊಂಡು ಹೊರಗೆ ಎಳೆಯುವುದೇ ಕಷ್ಟ. ಪಿನ್‌ಗಳ ನಡುವೆ ಸೋಡಿಯಂ ಹರಿಯುವ ಜಾಗವೂ ಕಿರಿದಾಗುತ್ತದೆ.

ಇಷ್ಟೇ ಅಲ್ಲ, ಒಳಗಿನಿಂದಲೂ ಒತ್ತಡ. ನಾಲ್ಕು ಪರಮಾಣು ಒಡೆದರೆ ಸುಮಾರು ಒಂದು ಪರಮಾಣು ಕ್ಸೆನಾನ್ ಅಥವಾ ಕ್ರಿಪ್ಟಾನ್ ಅನಿಲ ಹುಟ್ಟುತ್ತದೆ. ಅವು ಯಾವುದರ ಜೊತೆಗೂ ಸೇರದ ಅನಿಲಗಳು. ಸ್ವಲ್ಪ ಗುಳಿಗೆಯೊಳಗೇ ಗುಳ್ಳೆಯಾಗಿ ನಿಂತು ಅದನ್ನು ಉಬ್ಬಿಸುತ್ತವೆ, ಉಳಿದದ್ದು ಹೊರಬಂದು ಕೊಳವೆಯನ್ನು ಒಳಗಿನಿಂದ ಒತ್ತುತ್ತದೆ. ಕಾರ್ಬೈಡ್ ಶಾಖವನ್ನು ಚೆನ್ನಾಗಿ ದಾಟಿಸುತ್ತದೆ, ಆದರೆ ಆಕ್ಸೈಡ್ ರೂಪದ ಇಂಧನಕ್ಕಿಂತ ಜಾಸ್ತಿ ಉಬ್ಬುತ್ತದೆ. ಗುಳಿಗೆ ಉಬ್ಬಿ ಕೊಳವೆಯನ್ನು ಮುಟ್ಟಿ ತಳ್ಳುವ ಹೊತ್ತಿಗೆ ಕೊಳವೆ ಪೆಡಸಾಗಿರುತ್ತದೆ. ಹೊಸದಾಗಿದ್ದಾಗ ಹಿಗ್ಗಿ ಸುಧಾರಿಸಿಕೊಳ್ಳುತ್ತಿದ್ದ ಉಕ್ಕು ಈಗ ಬಿರುಕು ಬಿಡುತ್ತದೆ. ಎಲ್ಲಿಯವರೆಗೆ ಬಿಡುವುದಿಲ್ಲ, ಎಲ್ಲಿಂದ ಬಿಡುತ್ತದೆ? ಆ ಗೆರೆಗೆ ಸಾಕಷ್ಟು ಮುಂಚೆ ತೆಗೆಯಬೇಕು. ನೀವು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಇದು.

ಆ ಗೆರೆ ಎಲ್ಲಿದೆ ಅಂತ ಕಂಡುಹಿಡಿಯುವ ಕೆಲಸ ಇದೆಯಲ್ಲ, ಅದೇ ನನಗೆ ಎಲ್ಲಕ್ಕಿಂತ ಇಷ್ಟ. ತೆಗೆದ ಪಿನ್‌ನ ಹತ್ತಿರ ಮನುಷ್ಯ ನಿಲ್ಲುವ ಹಾಗಿಲ್ಲ. ದಪ್ಪ ಕಾಂಕ್ರೀಟ್ ಗೋಡೆಯ ಹಾಟ್ ಸೆಲ್ ಒಳಗೆ ಅದನ್ನು ಇಟ್ಟು, ಸೀಸ ಬೆರೆಸಿದ ದಪ್ಪ ಗಾಜಿನ ಕಿಟಕಿಯಿಂದ ನೋಡುತ್ತಾ, ಗೋಡೆಯಾಚೆಯ ಯಾಂತ್ರಿಕ ಕೈಗಳಿಂದ ಎಲ್ಲ ಮಾಡಬೇಕು. ಕಾರ್ಬೈಡ್ ಗಾಳಿಗೆ ಬಿದ್ದರೆ ತಾನೇ ಹೊತ್ತಿಕೊಳ್ಳಬಹುದು, ಹಾಗಾಗಿ ಸೆಲ್ ತುಂಬ ಜಡ ಅನಿಲ ಇರಬೇಕು. ಪಿನ್ ಎಷ್ಟು ಉದ್ದವಾಗಿದೆ, ಎಲ್ಲೆಲ್ಲಿ ದಪ್ಪವಾಗಿದೆ ಅಂತ ಅಳೆಯುತ್ತಾರೆ. ತೂತು ಕೊರೆದು ಅನಿಲ ಹಿಡಿಯುತ್ತಾರೆ. ಅಡ್ಡ ಕೊಯ್ದು, ಪಾಲಿಶ್ ಮಾಡಿ, ಗುಳಿಗೆಗೂ ಕೊಳವೆಗೂ ನಡುವೆ ಸಂದು ಉಳಿದಿದೆಯೋ ಮುಚ್ಚಿದೆಯೋ ನೋಡುತ್ತಾರೆ. ಕೊಳವೆಯ ತುಂಡನ್ನು ಎಳೆದು ಯಾವಾಗ ಹರಿಯುತ್ತದೆ ಅಂತ ಪರೀಕ್ಷಿಸುತ್ತಾರೆ.

ಕೊಯ್ಯುವ ಮುಂಚೆ ಒಳಗಿನ ಚಿತ್ರ ಬೇಕು ಅಂದರೆ ಎಕ್ಸ್‌ರೇ ಕಷ್ಟ. ಪಿನ್ ತಾನೇ ಗಾಮಾ ಕಿರಣ ಸೂಸಿ ಫಿಲ್ಮನ್ನು ಹಾಳು ಮಾಡುತ್ತದೆ. ಅದಕ್ಕೆ ಕಲ್ಪಾಕ್ಕಂನಲ್ಲಿ ಹಾಟ್ ಸೆಲ್‌ನ ಕೆಳಗೇ ಕಾಮಿನಿ ಅನ್ನುವ ಪುಟ್ಟ ರಿಯಾಕ್ಟರ್ ಇಟ್ಟಿದ್ದಾರೆ, ಬರೀ 30 ಕಿಲೋವಾಟ್, 1996ರಲ್ಲಿ ಶುರುವಾದದ್ದು. ಅದರ ಇಂಧನ ಥೋರಿಯಂನಿಂದ ಮಾಡಿದ ಯುರೇನಿಯಂ-233. ಅದರ ನ್ಯೂಟ್ರಾನ್‌ಗಳು ಪಿನ್ ದಾಟಿ ಲೋಹದ ತಗಡಿನ ಮೇಲೆ ಬೀಳುತ್ತವೆ. ಡಿಸ್ಪ್ರೋಸಿಯಂನಂಥ ತಗಡಿಗೆ ಗಾಮಾದ ಗೊಡವೆ ಇಲ್ಲ, ನ್ಯೂಟ್ರಾನ್ ಬಿದ್ದ ಕಡೆ ಮಾತ್ರ ಅದು ವಿಕಿರಣಶೀಲ ಆಗುತ್ತದೆ. ಆಮೇಲೆ ಆ ತಗಡನ್ನು ಬೇರೆ ಕಡೆ ಒಯ್ದು ಫಿಲ್ಮಿಗೆ ಒತ್ತಿದರೆ ಚಿತ್ರ ಮೂಡುತ್ತದೆ. ಒಂದು ರಿಯಾಕ್ಟರಿನ ಇಂಧನದ ಫೋಟೋ ತೆಗೆಯಲು ಇನ್ನೊಂದು ರಿಯಾಕ್ಟರ್! ದುಬಾರಿ ಕ್ಯಾಮೆರಾ ಅಂತ ಕೆಲವರು ನಗಬಹುದು, ನನಗೆ ಇದು ಬಹಳ ಚಂದದ ಉಪಾಯ ಅನಿಸುತ್ತದೆ.

ಇಲ್ಲಿಗೆ ಬಂದಾಗ ಹುಡುಗರು ತಪ್ಪದೆ ಕೇಳುತ್ತಾರೆ, "ಸರ್, ಇಷ್ಟೆಲ್ಲ ಯಾಕೆ, ಕಂಪ್ಯೂಟರಿನಲ್ಲಿ ಮಾಡಬಹುದಲ್ಲ?" ಒಂದು ಡಿಕ್ಕಿಯನ್ನು ಕಂಪ್ಯೂಟರ್ ಚೆನ್ನಾಗಿ ತೋರಿಸುತ್ತದೆ, ಆದರೆ ಆ ಡಿಕ್ಕಿ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿಯುತ್ತದೆ, ಪೊಳ್ಳು ಬೆಳೆಯುವುದಕ್ಕೆ ವರ್ಷಗಳು ಬೇಕು. ಆ ಎರಡರ ನಡುವಿನ ದೂರವನ್ನು ದಾಟುವ ಲೆಕ್ಕಗಳೆಲ್ಲ ಕೊನೆಗೆ ಯಾವುದೋ ಹಾಟ್ ಸೆಲ್‌ನಲ್ಲಿ ಕೊಯ್ದ ತುಂಡಿನ ಜೊತೆ ತಾಳೆ ಆಗಬೇಕು. ಆಕ್ಸಿಲರೇಟರಿನಿಂದ ಅಯಾನುಗಳನ್ನು ಹೊಡೆದರೆ ವರ್ಷಗಟ್ಟಲೆಯ ಡಿಪಿಎ ಕೆಲವು ಗಂಟೆ ಅಥವಾ ದಿನಗಳಲ್ಲಿ ಸಿಗುತ್ತದೆ, ಹತ್ತು ಮಿಶ್ರಲೋಹಗಳಲ್ಲಿ ಎರಡನ್ನು ಆರಿಸಿಕೊಳ್ಳಲು ಅದು ಒಳ್ಳೆಯ ಸಾಧನ. ಆದರೆ ಅವು ಇಳಿಯುವುದು ಮೈಕ್ರಾನ್‌ಗಳ ಆಳಕ್ಕೆ ಅಷ್ಟೇ. ಅವಸರದಲ್ಲಿ ಹೊಡೆದ ಏಟಿಗೂ ನಿಧಾನಕ್ಕೆ ಬಿದ್ದ ಏಟಿಗೂ ಉಕ್ಕು ಒಂದೇ ಥರ ಪ್ರತಿಕ್ರಿಯಿಸುವುದಿಲ್ಲ. ಕೊನೆಯ ಮಾತು ಹೇಳಲು ನಿಜವಾದ ರಿಯಾಕ್ಟರ್ ಬೇಕೇ ಬೇಕು. ಅವೋ ಒಂದೊಂದಾಗಿ ಮುಚ್ಚುತ್ತಿವೆ. ಅಮೆರಿಕದ ಫಾಸ್ಟ್ ರಿಯಾಕ್ಟರ್ ಇಬಿಆರ್-2 1994ರಲ್ಲಿ ನಿಂತಿತು. ದಶಕಗಳಿಂದ ಇಂಧನ ಪರೀಕ್ಷೆ ಮಾಡುತ್ತಿದ್ದ ನಾರ್ವೆಯ ಹಾಲ್ಡೆನ್ 2018ರಲ್ಲಿ ನಿಂತಿತು. ಇಡೀ ಕ್ಷೇತ್ರಕ್ಕೆ ಇದು ದೊಡ್ಡ ನಷ್ಟ, ಇದರ ಬಗ್ಗೆ ಚರ್ಚೆ ಆಗುವುದು ತೀರಾ ಕಡಿಮೆ.

ಅಷ್ಟರಲ್ಲಿ ಉಕ್ಕು ಮಾಡುವವರು ಕೈಕಟ್ಟಿ ಕೂತಿಲ್ಲ. ಡಿ-9 ಅನ್ನುವ ಉಕ್ಕಿನಲ್ಲಿ ನಿಕಲ್ ಸ್ವಲ್ಪ ಹೆಚ್ಚಿಸಿ, ಚೂರು ಟೈಟಾನಿಯಂ ಬೆರೆಸಿ, ತಣ್ಣಗಿರುವಾಗಲೇ ಎಳೆದು ಗಟ್ಟಿ ಮಾಡಿದರೆ ಊದುವುದು ತಡವಾಗಿ ಶುರುವಾಗುತ್ತದೆ. ಕಲ್ಪಾಕ್ಕಂನ 500 ಮೆಗಾವಾಟಿನ ದೊಡ್ಡ ಫಾಸ್ಟ್ ರಿಯಾಕ್ಟರ್ ಪಿಎಫ್‌ಬಿಆರ್‌ಗೆ ಆರಿಸಿಕೊಂಡದ್ದು ಇದನ್ನೇ. ಫೆರಿಟಿಕ್ ಜಾತಿಯ ಉಕ್ಕು ಇನ್ನೂ ಕಡಿಮೆ ಊದುತ್ತದೆ, ಆದರೆ ಜಾಸ್ತಿ ಬಿಸಿಯಲ್ಲಿ ಮೆತ್ತಗಾಗುತ್ತದೆ. ಅದಕ್ಕೆ ಇಟ್ರಿಯಂ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ಸೇರಿಸಿ ಗಟ್ಟಿ ಮಾಡುವ ಪ್ರಯತ್ನ ಹಲವು ದೇಶಗಳಲ್ಲಿ ನಡೆಯುತ್ತಿದೆ.

"ಹಾಗಾದರೆ ನಮ್ಮ ಕೈಗಾದಲ್ಲಿ ಲೋಹದ ತಕರಾರು ಇಲ್ಲವಾ?" ಅಂದರೆ, ಇದೆ, ಆದರೆ ಬಂಡಲ್‌ನಲ್ಲಿ ಅಲ್ಲ, ಬಂಡಲ್ ಕೂರುವ ಒತ್ತಡದ ಕೊಳವೆಯಲ್ಲಿ. ಜಿರ್ಕೋನಿಯಂ ಲೋಹ ವರ್ಷಗಟ್ಟಲೆ ಬಿಸಿನೀರಿನಿಂದ ಹೈಡ್ರೋಜನ್ ಹೀರುತ್ತಾ ಹೋಗುತ್ತದೆ. 1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್‌ನಲ್ಲಿ ಅಂಥ ಒಂದು ಕೊಳವೆ ಸೀಳಿತು. ಕೊಳವೆ ಜೋತು ಬಿದ್ದು ಹೊರಗಿನ ತಣ್ಣನೆ ಕೊಳವೆಗೆ ತಾಗಿತ್ತು, ತಾಗಿದ ಜಾಗದಲ್ಲಿ ಹೈಡ್ರೋಜನ್ ಸೇರಿ ಪೆಡಸಾದ ಬೊಕ್ಕೆಗಳು ಎದ್ದಿದ್ದವು. ನಮ್ಮ ಹಳೆಯ ರಿಯಾಕ್ಟರುಗಳಲ್ಲೂ ಜಿರ್ಕಲಾಯ್-2 ಅನ್ನುವ ಅದೇ ಜಿರ್ಕೋನಿಯಂ ಮಿಶ್ರಲೋಹ ಇತ್ತು, ಆಮೇಲೆ ಕೊಳವೆಗಳನ್ನೇ ಬದಲಾಯಿಸಿದರು. ಕೈಗಾಕ್ಕೆ ಮೊದಲಿನಿಂದಲೇ ನಯೋಬಿಯಂ ಬೆರೆಸಿದ ಜಿರ್ಕೋನಿಯಂ ಹಾಕಿದ್ದಾರೆ. ಅದು ಹೈಡ್ರೋಜನ್ ಹೀರುವುದು ಕಡಿಮೆ.

ಇನ್ನು ದುಡ್ಡು ದಂಡದ ಮಾತು. ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ಕಸ ಅಂತ ಲೆಕ್ಕ ಹಿಡಿಯುವುದಿಲ್ಲ. ಕೈಗಾದಂಥ ರಿಯಾಕ್ಟರುಗಳಿಂದ ಬಂದ ಬಂಡಲ್‌ಗಳನ್ನು ಆರಲು ಬಿಟ್ಟು, ಆಸಿಡ್‌ನಲ್ಲಿ ಕರಗಿಸಿ, ಪ್ಲುಟೋನಿಯಂ ಬೇರೆ ಮಾಡಿ ಫಾಸ್ಟ್ ರಿಯಾಕ್ಟರಿಗೆ ಕೊಡುವುದು ಯೋಜನೆ. ಎಫ್‌ಬಿಟಿಆರ್‌ನಲ್ಲಿ 1,55,000 ಮೆಗಾವಾಟ್-ದಿನ ಕಂಡ ಆ ಕಾರ್ಬೈಡನ್ನೂ ಕಲ್ಪಾಕ್ಕಂನ ಕೋರಲ್ ಘಟಕದಲ್ಲಿ ಕರಗಿಸಿ, ಅದರ ಪ್ಲುಟೋನಿಯಂ ವಾಪಸ್ ಪಡೆದಿದ್ದಾರೆ. ಕರಗದೆ ಉಳಿಯುವುದು ಕೊಳವೆಯ ತುಂಡುಗಳು. ಅವು ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲ, ತ್ಯಾಜ್ಯದ ಲೆಕ್ಕಕ್ಕೆ ಹೋಗುತ್ತವೆ.