ಚಿಕ್ಕಪ್ಪನ ಲೋಟದ ಬಣ್ಣ

ಮಗಳ ಮದುವೆಗೆ ಇನ್ನು ಹನ್ನೆರಡು ದಿನ ಇತ್ತು. ಮುಲ್ಕಿಯಿಂದ ಅಣ್ಣನ ಫೋನ್ ಬಂತು.

"ಟೋಸ್ಟಿಗೆ ವೈನ್ ಉಂಟಾ?"

ಉಂಟು ಅಂದೆ.

"ಹಾಗಾದರೆ ನಾನು ಚರ್ಚಿಗೆ ಬರುತ್ತೇನೆ. ಹಾಲ್‌ಗೆ ಬರುವುದಿಲ್ಲ."

ಅಣ್ಣ ನಮ್ಮ ಸಭೆಯ ಹಿರಿಯ. ಬಾಸೆಲ್ ಮಿಶನ್ ಕಾಲದ ಪ್ರೊಟೆಸ್ಟೆಂಟ್ ಸಭೆ ನಮ್ಮದು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಹುಡುಗ ಗೋವಾದ ಮಡಗಾಂವ್ ಪಕ್ಕದ ಹಳ್ಳಿಯ ಕೆಥೋಲಿಕ್. ಇಲ್ಲಿಯ ಮದುವೆಯಲ್ಲಿ ಬ್ಯಾಂಡ್ ಇರಬೇಕು, ಹಂದಿಮಾಂಸದ ಸೊರ್ಪೊತೆಲ್ ಇರಬೇಕು, ಯಾರಾದರೂ ಎದ್ದು ನಿಂತು ಉದ್ದ ಮಾತಾಡಿ ಟೋಸ್ಟ್ ಎತ್ತಬೇಕು. ಆ ಹೊತ್ತಿಗೆ ಎಲ್ಲರ ಕೈಯಲ್ಲೂ ಒಂದು ಸಣ್ಣ ಗ್ಲಾಸ್ ವೈನ್. ಅದು ಬೇಡ ಅಂತ ಬೀಗರಿಗೆ ಹೇಳುವುದು ಹೇಗೆ? ಹೋಳಿಗೆ ಊಟಕ್ಕೆ ಕರೆದು ಹೋಳಿಗೆ ಮಾಡಬೇಡಿ ಅಂದ ಹಾಗಾಗುತ್ತದೆ.

ನಾನು ಗೋವಾಕ್ಕೆ ಬಂದು ಇಪ್ಪತ್ತಾರು ವರ್ಷ ಆಯಿತು. ಅಣ್ಣನಿಗೆ ಗೊತ್ತಿಲ್ಲದ ಒಂದು ವಿಷಯ ಇಲ್ಲೇ ಬರೆದುಬಿಡುತ್ತೇನೆ, ಅವನು ಬ್ಲಾಗ್ ಓದುವುದಿಲ್ಲ. ಬೇಸಿಗೆಯಲ್ಲಿ ನಾನು ಉರಾಕ್ ಕುಡಿಯುತ್ತೇನೆ. ಗೇರುಹಣ್ಣಿನ ರಸ ಹುಳಿ ಬಂದ ಮೇಲೆ ಭಟ್ಟಿಯಲ್ಲಿ ಮೊದಲ ಸಲ ಇಳಿಸಿದ್ದು ಉರಾಕ್. ಮತ್ತೆ ಭಟ್ಟಿಗೆ ಹಾಕಿದರೆ ಫೆನಿ. ಫೆನಿಗೆ 2009ರಲ್ಲಿ ಜಿಐ ಪಟ್ಟ, ಅಂದರೆ ಇದು ಗೋವಾದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿತು, ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಉರಾಕ್ ಹಾಗಲ್ಲ. ಮಾರ್ಚ್‌ನಿಂದ ಮೇ ತನಕ ಸಿಕ್ಕಿದ್ದೇ ಸಿಕ್ಕಿದ್ದು. ಲಿಮ್ಕಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಒಂದು ಲೋಟ. ಮುಲ್ಕಿಯಲ್ಲಿ ಗೇರುಹಣ್ಣು ಅಂದರೆ ಬಟ್ಟೆಗೆಲ್ಲ ಕಲೆ ಮಾಡಿಕೊಂಡು ಅಮ್ಮನ ಕೈಯಲ್ಲಿ ಬೈಸಿಕೊಳ್ಳುವ ಹಣ್ಣು, ಅಷ್ಟೇ. ಅದರೊಳಗೆ ಇಂಥದ್ದು ಉಂಟು ಅಂತ ಯಾರೂ ಹೇಳಿರಲಿಲ್ಲ.

ಅಣ್ಣನ ಹಟಕ್ಕೂ ಒಂದು ಬೇರು ಇದೆ. ಅದನ್ನು ನಾನು ತಮಾಷೆ ಮಾಡುವುದಿಲ್ಲ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕರಾವಳಿಯಲ್ಲಿ ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ತುಂಬಾ ಜನ. ಮೂರ್ತೆ, ಅಂದರೆ ಕಳ್ಳು ಇಳಿಸುವುದು, ಅವರಲ್ಲಿ ಅನೇಕರ ಕಸುಬು. ಕ್ರೈಸ್ತರಾದ ಮೇಲೆ ಮರ ಹತ್ತುವ ಹಾಗಿಲ್ಲ ಅಂತ ಮಿಶನರಿಗಳು ಹೇಳಿದರು. ಸರಿ, ಹೊಟ್ಟೆಗೆ? ಅದಕ್ಕೇ ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ನಮ್ಮ ಅಜ್ಜನ ಅಜ್ಜ ಹಾಗೆ ಮರದಿಂದ ಇಳಿದು ಹೆಂಚಿನ ಗೂಡಿಗೆ ಹೋದವರು. ಅವರು ಮೂರ್ತೆಯ ಕತ್ತಿಯನ್ನು ಬಾವಿಗೆ ಹಾಕಿದರಂತೆ. ಅಜ್ಜಿ ಈ ಕತೆ ಹೇಳುವಾಗ ಪ್ರತಿ ಸಲವೂ ಬಾವಿ ಆಳ ಆಗುತ್ತಿತ್ತು. ನಿಜವೋ ಸುಳ್ಳೋ, ಅನ್ನ ಕೊಡುತ್ತಿದ್ದ ಕಸುಬನ್ನೇ ಬಿಟ್ಟವರ ಮನೆ ನಮ್ಮದು. ಅಂಥ ಮನೆಯಲ್ಲಿ ಬಾಟಲಿ ಕಂಡರೆ ಬರುವ ಸಿಟ್ಟು ಬೈಬಲ್ ವಚನದಿಂದ ಬಂದದ್ದಲ್ಲ. ಅದು ಹಳೆಯ ಸಾಲದ ಹಾಗೆ, ಬಡ್ಡಿ ಸಮೇತ ಬಂದದ್ದು.

ಹಾಗಂತ ನಮ್ಮ ಮನೆ ಒಣ ಮನೆಯೂ ಅಲ್ಲ ಬಿಡಿ. ಕ್ರಿಸ್ಮಸ್‌ಗೆ ಅಮ್ಮ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ 21 ದಿನ ಇಡುತ್ತಿದ್ದರು. ಅದರ ಹೆಸರು ಜ್ಯೂಸ್. ಒಂದು ವರ್ಷ ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಎರಡು ಲೋಟ ಜ್ಯೂಸ್ ಕುಡಿದು ನಮ್ಮ ಜಗಲಿಯಲ್ಲೇ ನಿದ್ದೆ ಹೋಗಿದ್ದರು. ಇನ್ನು ಊರಿನ ನೆಂಟರು. ನಾನು ರಜೆಗೆ ಹೊರಟರೆ ಸಾಕು, ಒಬ್ಬೊಬ್ಬರೇ ಮೆಲ್ಲ ಫೋನ್ ಮಾಡುತ್ತಾರೆ. ಮಂಡಿಗೆ ಉಜ್ಜಲು ಒಂದು ಫೆನಿ ಬೇಕಿತ್ತು ಅಂತ. ಮುಲ್ಕಿಯಲ್ಲಿ ಇಷ್ಟೊಂದು ಮಂಡಿನೋವು ಇದೆ ಅಂತ ನನಗೆ ಗೋವಾಕ್ಕೆ ಬಂದ ಮೇಲೇ ಗೊತ್ತಾದದ್ದು.

ಅವತ್ತು ಫೋನಿನಲ್ಲಿ ನಾನು ಕಾನಾ ಊರಿನ ಮದುವೆ ಎತ್ತಿದೆ. ಅಲ್ಲಿ ನೀರನ್ನು ವೈನ್ ಮಾಡಿದ್ದೇ ಯೇಸುವಿನ ಮೊದಲ ಅದ್ಭುತ ಅಲ್ವಾ ಅಂದೆ.

"ಅದು ದ್ರಾಕ್ಷಾರಸ. ರಸ ಅಂತಲೇ ಬರೆದದ್ದು, ನೋಡು" ಅಂದ.

ಈ ವಾದ ಕನ್ನಡ ಬೈಬಲ್ ಓದುವವರಿಗೆ ಮಾತ್ರ ಸಿಗುವ ಸೌಲಭ್ಯ. ದ್ರಾಕ್ಷಾರಸ ಅಂದರೆ ಕಿವಿಗೆ ದ್ರಾಕ್ಷಿ ಜ್ಯೂಸ್ ಹಾಗೇ ಕೇಳುತ್ತದೆ. ಆದರೆ ಯೋಹಾನನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಮುಂದಕ್ಕೆ ಓದಬೇಕು. ಅಲ್ಲಿ ಊಟದ ಮೇಲ್ವಿಚಾರಕ ಮದುಮಗನನ್ನು ಕರೆದು ಹೇಳುತ್ತಾನೆ: ಎಲ್ಲರೂ ಒಳ್ಳೆಯದನ್ನು ಮೊದಲು ಕೊಟ್ಟು, ಜನ ಚೆನ್ನಾಗಿ ಕುಡಿದ ಮೇಲೆ ಕಡಿಮೆಯದ್ದನ್ನು ಕೊಡುತ್ತಾರೆ, ನೀನು ಒಳ್ಳೆಯದನ್ನು ಇಲ್ಲಿ ತನಕ ಇಟ್ಟೆಯಲ್ಲ. ಜ್ಯೂಸ್ ಕುಡಿದವರಿಗೆ ಯಾರಾದರೂ ಈ ಮಾತು ಹೇಳುತ್ತಾರಾ? ಆ ನೀರು ಇದ್ದದ್ದು ಆರು ಕಲ್ಲಿನ ಬಾನಿಗಳಲ್ಲಿ. ಲೆಕ್ಕ ಹಾಕಿದರೆ 500ರಿಂದ 700 ಲೀಟರ್ ತನಕ ಆಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ, ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ, ಬಂದ ನಿಮ್ಮಲ್ಲಿ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬನಿಗೆ ಅಮಲೇರಿರುತ್ತದೆ ಅಂತ ಬೈಯುತ್ತಾನೆ. ಜ್ಯೂಸಿಗೆ ಅಮಲು ಎಲ್ಲಿಂದ?

ಹುಳಿ ಬರದ ದ್ರಾಕ್ಷಿ ರಸವನ್ನು ಬಾಟಲಿಯಲ್ಲಿ ಇಡುವುದು ಶುರುವಾದದ್ದೇ ಮೊನ್ನೆ ಮೊನ್ನೆ. ಅಮೆರಿಕದ ಮೆಥಡಿಸ್ಟ್ ಹಲ್ಲಿನ ಡಾಕ್ಟರ್ ಥಾಮಸ್ ವೆಲ್ಚ್ 1869ರಲ್ಲಿ ಪಾಶ್ಚರ್ ಕಂಡುಹಿಡಿದ ಹಾಗೆ ರಸವನ್ನು ಬಿಸಿ ಮಾಡಿ ಮುಚ್ಚಿಟ್ಟ. ಚರ್ಚಿನ ಪಾತ್ರೆಗೆ ಅಮಲಿಲ್ಲದ ರಸ ಬೇಕು ಅಂತಲೇ ಮಾಡಿದ್ದು. ಅದಕ್ಕೂ ಹಿಂದಿನ ಹದಿನೆಂಟು ನೂರು ವರ್ಷ, ಸುಗ್ಗಿಯಲ್ಲಿ ಹಿಂಡಿದ ರಸ ಮುಂದಿನ ವಸಂತದಲ್ಲಿ ಬರುವ ಯೆಹೂದ್ಯರ ಪಸ್ಕ ಹಬ್ಬದ ತನಕ ರಸವಾಗಿಯೇ ಕೂತಿರುತ್ತಿತ್ತಾ?

ಇದನ್ನೆಲ್ಲ ಹೇಳಿದೆ. ಅಣ್ಣ ಕೇಳಿಸಿಕೊಂಡ. ಆಮೇಲೆ ಜ್ಞಾನೋಕ್ತಿ 23 ಓದು ಅಂದ. ಓದಿದ್ದೆ. ಕುಡುಕನ ಕೆಂಪು ಕಣ್ಣು, ಕಾರಣವಿಲ್ಲದ ಗಾಯ, ಹೊಡೆದರೂ ನೋವು ಗೊತ್ತಾಗದಿರುವುದು, ಎದ್ದ ಕೂಡಲೇ ಮತ್ತೆ ಬೇಕು ಅನ್ನುವುದು. ಮೂರು ಸಾವಿರ ವರ್ಷ ಹಳೆಯದು ಅನ್ನುತ್ತಾರೆ, ನಮ್ಮ ಬೀದಿಯನ್ನು ನೋಡಿಯೇ ಬರೆದ ಹಾಗಿದೆ. ಫೋನ್ ಇಡುವಾಗ ಇಬ್ಬರೂ ಗೆದ್ದಿರಲಿಲ್ಲ. ಅಣ್ಣ ಬರುತ್ತಾನೋ ಇಲ್ಲವೋ ಅನ್ನುವುದೂ ತೀರ್ಮಾನ ಆಗಿರಲಿಲ್ಲ.

ಗೋವಾದವರು ಅಳತೆಯಲ್ಲಿ ಕುಡಿಯುತ್ತಾರೆ, ಮುಚ್ಚಿಟ್ಟು ಕುಡಿಯುವ ನಮ್ಮವರೇ ಹಾಳಾಗುವುದು ಅಂತ ನಾನೂ ಕೆಲವು ವರ್ಷ ನಂಬಿದ್ದೆ. ಕೇಳಲು ಚೆಂದ. ನನಗೆ ಉರಾಕ್ ತಂದುಕೊಡುವ ಪಕ್ಕದ ಮನೆ ಆಂಟಿಯ ಮಗ 41ನೇ ವಯಸ್ಸಿಗೆ ಲಿವರ್ ಹೋಗಿ ತೀರಿಕೊಂಡ. ಅವನು ಯಾವತ್ತೂ ಮುಚ್ಚಿಟ್ಟು ಕುಡಿದವನಲ್ಲ. ಎಲ್ಲರ ಎದುರೇ, ಎಲ್ಲರ ಜೊತೆಯೇ ಕುಡಿಯುತ್ತಿದ್ದ. ಆಂಟಿ ಈಗಲೂ ಬಾಟಲಿ ಕೊಡುವಾಗ ಒಂದು ಬೆರಳು ಎತ್ತಿ ತೋರಿಸುತ್ತಾರೆ. ಒಂದೇ ಲೋಟ ಅಂತ.

ಮರುದಿನ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಕುಡಿತದ ಬಗ್ಗೆ ಮಾತಾಡುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಅವರಿಗೇ. ಮುಂಬಯಿಯಲ್ಲಿ ಮೂವತ್ತು ವರ್ಷ ಕೆಲಸ, ಅದರಲ್ಲಿ ಇಪ್ಪತ್ತು ವರ್ಷ ಕುಡಿತ. ರಜೆಗೆ ಊರಿಗೆ ಬಂದರೆ ಸಭೆಯಲ್ಲಿ ಅವರನ್ನು ಕರ್ತನ ಭೋಜನಕ್ಕೆ ಸೇರಿಸುತ್ತಿರಲಿಲ್ಲ. ಉಳಿದವರು ಎದ್ದು ಮುಂದೆ ಹೋಗುವಾಗ ಅವರೊಬ್ಬರೇ ಬೆಂಚಿನಲ್ಲಿ ಕೂತಿರುತ್ತಿದ್ದರು. ನಾನು ಆಗ ಹುಡುಗಿ. ಅವರ ಕತ್ತಿನ ಹಿಂಭಾಗ ನನಗೆ ಈಗಲೂ ನೆನಪಿದೆ. ಕೊನೆಗೆ ಅವರನ್ನು ಹಿಡಿದು ನಿಲ್ಲಿಸಿದ್ದು ಬಾಂದ್ರಾದ ಕೃಪಾ ಫೌಂಡೇಷನ್. ಫಾದರ್ ಜೋ ಪಿರೇರಾ 1981ರಲ್ಲಿ ಶುರು ಮಾಡಿದ್ದು. ಆ ಫಾದರ್ ತಾವೇ ಕುಡಿತದಿಂದ ಹೊರಗೆ ಬಂದವರು. "ಅಲ್ಲಿ ಯಾರೂ ನನಗೆ ಕುಡಿಯಬಾರದು ಅಂತ ಹೇಳಲಿಲ್ಲ ಮಾರಾಯ್ತಿ. ನೀನು ಎಷ್ಟು ಕುಡಿಯುತ್ತಿದ್ದೆ ಅಂತ ಕೇಳಿದರು. ನಾನು ಹೇಳಿದೆ. ನಮ್ಮ ಸಭೆಯಲ್ಲಿ ಯಾರೂ ಕೇಳಿರಲಿಲ್ಲ" ಅಂತ ಒಮ್ಮೆ ಹೇಳಿದ್ದರು. ಬಿಟ್ಟು ಹದಿನೇಳು ವರ್ಷ ಆಯಿತು. ಈಗ ಮುಲ್ಕಿಯಲ್ಲೇ ಇದ್ದಾರೆ.

ನಾನು ನನ್ನ ಉಪಾಯ ಹೇಳಿದೆ. ನಮ್ಮ ಕಡೆಯ ಮೂರು ಟೇಬಲ್ಲಿಗೆ ಕೆಂಪು ದ್ರಾಕ್ಷಿ ಜ್ಯೂಸ್. ಅದೇ ಗ್ಲಾಸ್, ಅದೇ ಬಣ್ಣ. ಫೋಟೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಣ್ಣನ ಮರ್ಯಾದೆಯೂ ಉಳಿಯಿತು, ಬೀಗರದ್ದೂ ಉಳಿಯಿತು. ನನಗೆ ನನ್ನ ಬುದ್ಧಿಯ ಮೇಲೆ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನನಗೆ ಅದು ಬೇಡ" ಅಂದರು. "ಬೇರೆ ಬಣ್ಣ ಇರಲಿ. ಬೇರೆ ಗ್ಲಾಸ್ ಇರಲಿ. ದೂರದಿಂದ ನೋಡಿದರೂ ಗೊತ್ತಾಗಬೇಕು."

ಯಾಕೆ ಅಂತ ಕೇಳಿದೆ.

"ಎರಡೂ ಒಂದೇ ಬಣ್ಣ ಇದ್ದರೆ ನಾನು ಬಾಯಿಗೆ ಇಡುವ ಮೊದಲು ಮೂಸಿ ನೋಡಬೇಕು. ಮೂಸುವುದೇ ನನಗೆ ಕಷ್ಟ. ವೆಯ್ಟರ್ ಟ್ರೇ ಅದಲು ಬದಲು ಮಾಡಿದರೆ? ನಿಮಗೆ ಒಂದು ಗುಟುಕು ಹೋದರೆ ನಗು. ನನಗೆ ಹದಿನೇಳು ವರ್ಷ ಹೋಗುತ್ತದೆ."

ಇಷ್ಟು ವರ್ಷ ನಾವು ಕ್ರೈಸ್ತರು ಕುಡಿಯಬಹುದಾ, ಕುಡಿಯಬಾರದಾ ಅಂತ ಊಟದ ಮೇಜಿನಲ್ಲಿ ಜಗಳ ಆಡಿದೆವು. ಅದೇ ಮೇಜಿನಲ್ಲಿ ಕೂತಿದ್ದ ಈ ಮನುಷ್ಯನನ್ನು ನಿಮಗೆ ಏನು ಬೇಕು ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಉಪಾಯ ಮಾಡಿಕೊಂಡು ಹೇಳಲು ಹೋಗಿದ್ದೆ, ಅಷ್ಟೇ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ನನಗೆ ಬಾಯಿಪಾಠ. ಸಹೋದರನಿಗೆ ಎಡವುವ ಕಲ್ಲಾಗಬೇಡ ಅನ್ನುವ ಮಾತು. ಕಲ್ಲು ಎಲ್ಲಿದೆ ಅಂತ ಎಡವುವವನನ್ನೇ ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ.

ಆಮೇಲೆ ನೆನಪಾಯಿತು. ಮದುವೆಯ ತಯಾರಿಗೆ ಹೋದಾಗ ಇಲ್ಲಿಯ ಪಾದ್ರಿ ಮಾತಿನ ನಡುವೆ ಹೇಳಿದ್ದರು. ಪೂಜೆಗೆ ನಿಜವಾದ ದ್ರಾಕ್ಷಿ ವೈನೇ ಆಗಬೇಕು ಅಂತ ಕೆಥೋಲಿಕ್ ಚರ್ಚಿನ ಕಾನೂನಿದೆ. ಆದರೆ ವೈನ್ ಕುಡಿಯಲಾಗದ ಪಾದ್ರಿಗೆ ಬಿಷಪ್ ಅನುಮತಿ ಕೊಟ್ಟರೆ ಆಗ ತಾನೇ ಹುಳಿ ಬರಲು ಶುರುವಾದ ರಸವನ್ನೇ ಬಳಸಬಹುದು. ಅಷ್ಟು ಬಿಗಿ ಕಾನೂನಿನಲ್ಲೂ ಒಬ್ಬನಿಗೋಸ್ಕರ ಒಂದು ಬಾಗಿಲು. ನಮ್ಮ ಸಭೆಯಲ್ಲಿ ಒಣದ್ರಾಕ್ಷಿ ಕುದಿಸಿ ಸೋಸಿದ ರಸವೇ ಪಾತ್ರೆಗೆ ಬರುವುದು. ಚಿಕ್ಕಪ್ಪ ಈಗ ಪ್ರತಿ ತಿಂಗಳು ಮುಂದೆ ಹೋಗಿ ಅದನ್ನು ತೆಗೆದುಕೊಳ್ಳುತ್ತಾರೆ, ಹೆದರಿಕೆ ಇಲ್ಲದೆ. ಅವರನ್ನು ದೂರ ಇಟ್ಟ ಸಭೆಯ ನಿಯಮವೇ ಈಗ ಅವರಿಗೆ ಆಸರೆ. ಇದನ್ನು ಅಣ್ಣನಿಗೆ ಹೇಳಬೇಕು. ಅವನಿಗೆ ಖುಷಿ ಆಗುತ್ತದೆ. ಜಾಸ್ತಿಯೇ ಖುಷಿ ಆಗುತ್ತದೆ, ಅದೇ ತೊಂದರೆ.

ಮದುವೆಯ ದಿನ ಅಣ್ಣ ಹಾಲ್‌ಗೆ ಬಂದ. ಬರುವುದಿಲ್ಲ ಅಂದದ್ದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಸೀರೆ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ವೆಯ್ಟರ್‌ಗಳ ಹಿರಿಯನನ್ನು ಹಿಡಿದು ನಿಲ್ಲಿಸಿದೆ. ಮೂರು ಟೇಬಲ್ಲಿಗೆ ಜ್ಯೂಸ್. ಮೂರನೇ ಟೇಬಲ್ಲಿನ ಬಿಳಿ ಕೂದಲಿನವರಿಗೆ ಉದ್ದ ಗ್ಲಾಸಿನಲ್ಲಿ ಲಿಂಬು ಸೋಡಾ, ಅದನ್ನು ನೀನೇ ಕೊಡಬೇಕು, ಬೇರೆ ಹುಡುಗರ ಕೈಗೆ ಕೊಡಬೇಡ ಅಂದೆ. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನಿಗೆ ಇಂಥದ್ದು ಹೊಸದಲ್ಲ ಅಂತ ಕಾಣುತ್ತದೆ.

ಟೋಸ್ಟ್ ಎತ್ತಿದ ಹುಡುಗನ ಸೋದರಮಾವ ಕೊಂಕಣಿಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದರು. ಎಲ್ಲರ ಕೈ ಮೇಲೆ ಹೋಯಿತು. ನೂರಾರು ಕೆಂಪು ಗ್ಲಾಸುಗಳ ನಡುವೆ ಒಂದು ಬಿಳಿ ಗ್ಲಾಸ್. ನಾನು ವೇದಿಕೆಯ ಮೇಲಿಂದಲೇ ನೋಡಿದೆ. ಅವರು ಮೂಸಲಿಲ್ಲ, ಸೀದಾ ಕುಡಿದರು. ಅಣ್ಣ ಎರಡನೇ ಗ್ಲಾಸ್ ಜ್ಯೂಸ್ ಕೇಳಿ ತರಿಸಿಕೊಂಡ. ಅದು ಯಾವ ಟ್ರೇಯಿಂದ ಬಂತು ಅಂತ ನಾನು ನೋಡಲು ಹೋಗಲಿಲ್ಲ.

ಎರಡು ದಿನ ಬಿಟ್ಟು ಎಲ್ಲರೂ ಹೊರಟರು. ಮಡಗಾಂವ್ ಸ್ಟೇಷನ್ನಿನಲ್ಲಿ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ಬಾಟಲಿ ಉಂಟಲ್ಲ" ಅಂದರು. ನನ್ನ ಮುಖ ಬಿಸಿಯಾಯಿತು. ತರಕಾರಿಯ ಹಿಂದೆ ಪೇಪರ್ ಸುತ್ತಿ ಇಟ್ಟಿದ್ದೆ. "ಮುಚ್ಚಿಡುವುದನ್ನು ನನಗೆ ಕಲಿಸಬೇಡ ಮಾರಾಯ್ತಿ" ಅಂತ ನಕ್ಕರು. "ನಾವು ಇರುವಾಗ ತೆಗೆಯಲಿಲ್ಲ ನೀನು. ಒಳ್ಳೆಯದಾಯಿತು."

ರಾತ್ರಿ ಪಾತ್ರೆ ತೊಳೆಯುತ್ತಿದ್ದೆ, ಚಿಕ್ಕಪ್ಪನ ಫೋನ್ ಬಂತು.

"ಮುಲ್ಕಿಗೆ ತಲುಪಿದೆವು. ಇನ್ನು ತೆಗಿ ನಿನ್ನ ಬಾಟಲಿ."