ಇಪ್ಪತ್ತಾರನೆಯ ಮೆಟ್ಟಿಲಿಲ್ಲದ ಸಂಖ್ಯೆ

3608528850368400786036725 ಎಂಬ 25 ಅಂಕಿಗಳ ಸಂಖ್ಯೆಯನ್ನು ನೋಡಿದರೆ, ಯಾರೋ ಮನಸ್ಸಿಗೆ ಬಂದಂತೆ ಅಂಕಿಗಳನ್ನು ಗೀಚಿದ್ದಾರೆ ಎನಿಸುತ್ತದೆ. ಆದರೆ ಎಡತುದಿಯಿಂದ ಎಷ್ಟು ಅಂಕಿಗಳನ್ನು ತೆಗೆದುಕೊಂಡರೂ, ಹಾಗೆ ದೊರೆತ ಸಂಖ್ಯೆ ಆ ಅಂಕಿಗಳ ಎಣಿಕೆಯಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 36 ಎರಡರಿಂದ, 360 ಮೂರರಿಂದ, 3608 ನಾಲ್ಕರಿಂದ ಭಾಗವಾಗುವುದು ಕಣ್ಣಿಗೇ ಕಾಣುತ್ತದೆ. 3608528ನ್ನು ಏಳರಿಂದ ಭಾಗಿಸಿ 515504 ಬಂದಾಗ ಮಾತ್ರ ನನಗೆ ನಿಜವಾದ ನಂಬಿಕೆ ಹುಟ್ಟಿತು. ಇಡೀ ಸಂಖ್ಯೆ 25ರಲ್ಲಿಯೇ ಕೊನೆಗೊಳ್ಳುವುದರಿಂದ ಕೊನೆಯ ಪರೀಕ್ಷೆಗೆ ಲೆಕ್ಕವೇ ಬೇಕಿಲ್ಲ.

ಇದೇ ಗುಣವಿರುವ ಪುಟ್ಟ ಸಂಖ್ಯೆಗಳಲ್ಲಿ 381654729 ಹೆಚ್ಚು ಪ್ರಸಿದ್ಧವಾದುದು. 1ರಿಂದ 9ರವರೆಗಿನ ಅಂಕಿಗಳು ತಲಾ ಒಂದೇ ಬಾರಿ ಬರುವ ಇಂತಹ ಸಂಖ್ಯೆ ಇದೊಂದೇ.

ದಶಮಾನ ಪದ್ಧತಿಯಲ್ಲಿ ಈ ಗುಣವುಳ್ಳ ಧನಪೂರ್ಣಾಂಕಗಳು ಒಟ್ಟು 20456 ಇವೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಾನು ಆರಂಭದಲ್ಲಿ ಬರೆದದ್ದು. ಸರಣಿ ಅನಂತವಾಗಿ ಬೆಳೆಯದೆ ಒಂದು ಕಡೆ ನಿಂತುಬಿಡುವುದೇ ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವ ಸಂಗತಿ. ಹೊಸ ಅಂಕಿಯೊಂದನ್ನು ಬಲಕ್ಕೆ ಸೇರಿಸುವಾಗ ನಮಗೆ 0ಯಿಂದ 9ರವರೆಗೆ ಹತ್ತು ಆಯ್ಕೆಗಳಿರುತ್ತವೆ. ಅವುಗಳಿಂದ ಒಂದರ ಹಿಂದೊಂದು ಬರುವ ಹತ್ತು ಸಂಖ್ಯೆಗಳು ಹುಟ್ಟುವುದರಿಂದ, ಭಾಜಕ 10 ಅಥವಾ ಅದಕ್ಕಿಂತ ಚಿಕ್ಕದಾಗಿರುವವರೆಗೆ ಅವುಗಳಲ್ಲಿ ಒಂದಾದರೂ ಹೊಂದಿಯೇ ಹೊಂದುತ್ತದೆ. ಹತ್ತನೆಯ ಹೆಜ್ಜೆಯಲ್ಲಿ ಸೊನ್ನೆಯೊಂದೇ ದಾರಿ, ಆದ್ದರಿಂದ ಒಂಬತ್ತು ಅಂಕಿಗಳವು 2492 ಇದ್ದರೆ ಹತ್ತು ಅಂಕಿಗಳವೂ ಸರಿಯಾಗಿ 2492 ಇವೆ. ಹನ್ನೊಂದರಿಂದ ಮುಂದೆ ಭಾಜಕವು ಆಯ್ಕೆಗಳ ಸಂಖ್ಯೆಯನ್ನು ಮೀರುವುದರಿಂದ ಕೆಲವು ಸಂಖ್ಯೆಗಳು ಮುಂದುವರಿಯಲಾರದೆ ಅಲ್ಲಲ್ಲೇ ಉಳಿಯುತ್ತವೆ. ಇಪ್ಪತ್ತು ಅಂಕಿಗಳ ಹೊತ್ತಿಗೆ 44, ಇಪ್ಪತ್ತಮೂರಕ್ಕೆ 6, ಇಪ್ಪತ್ತನಾಲ್ಕಕ್ಕೆ 3, ಆಮೇಲೆ ಒಂದೇ ಒಂದು.

ಆ ಒಂದು ಏಕೆ ಮುಂದೆ ಸಾಗಲಿಲ್ಲ ಎಂಬುದನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು. ಇಪ್ಪತ್ತಾರನೆಯ ಅಂಕಿಯನ್ನು ಸೇರಿಸಿದಾಗ ಸಿಗುವ ಸಂಖ್ಯೆ 26ರಿಂದ, ಅಂದರೆ 2 ಮತ್ತು 13 ಎರಡರಿಂದಲೂ ಭಾಗವಾಗಬೇಕು. ಕೊನೆಗೆ ಸೊನ್ನೆಯನ್ನಿಟ್ಟು 13ರಿಂದ ಭಾಗಿಸಿದರೆ ಶೇಷ 12 ಉಳಿಯುತ್ತದೆ. ಸೊನ್ನೆಯ ಬದಲು 1 ಇಟ್ಟರೆ ಶೇಷ ಹೋಗುತ್ತದೆ, ಆದರೆ ಸಂಖ್ಯೆ ಬೆಸವಾಗುತ್ತದೆ. 13ಕ್ಕೆ ಹೊಂದುವ ಮುಂದಿನ ಬೆಲೆ 14, ಅದು ಸಮವೂ ಹೌದು, ಆದರೆ ಒಂದು ಅಂಕಿಯ ಜಾಗದಲ್ಲಿ ಅದನ್ನು ಕೂರಿಸಲಾಗದು.