ಕೊಳ್ಳಲಾಗದವನ ಗೆಲುವು

ಪದವಿ ತರಗತಿಯಲ್ಲಿ ನಮಗೆ ಗ್ರೀಕ್ ಇತಿಹಾಸ ಕಲಿಸಿದ ಗುರುಗಳು, ಅಥೆನ್ಸ್ ನಗರದ ಡೆಮಾಸ್ಥೆನೀಸ್ ಉಗ್ಗು ಹೋಗಲೆಂದು ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತು ಕಲಿತ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಉಗ್ಗನ್ನು ಗೆದ್ದ ಛಲಗಾರನೆಂದು ನಾವೆಲ್ಲ ಶಾಲೆಯಲ್ಲೇ ಕೇಳಿದ್ದ ಆ ವಾಗ್ಮಿಯ ಕಂಠಕ್ಕಿಂತ ಅವನು ಹೇಳಿದ್ದೇನು ಎಂಬುದೇ ಮುಖ್ಯವೆಂದು ನಂಬಿದ್ದ ಅವರು, ಭಾಷಣಗಳ ಆಯ್ದ ಭಾಗಗಳನ್ನು ತಾವೇ ಕನ್ನಡಕ್ಕೆ ತಂದು, ಉದ್ದನೆಯ ಹಾಳೆಗಳಲ್ಲಿ ಬರೆದುಕೊಂಡು ಬಂದು ನಮಗೆ ಓದಿ ಹೇಳುತ್ತಿದ್ದರು.

ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ರಿ.ಪೂ. 341ರ ಮೂರನೆಯ ಫಿಲಿಪ್ಪಿಕ್, ಅಂದರೆ ಫಿಲಿಪ್ ದೊರೆಯ ವಿರುದ್ಧದ ಭಾಷಣ. ಮ್ಯಾಸಿಡೋನಿಯಾದ ಆ ದೊರೆ ಅಷ್ಟು ಹೊತ್ತಿಗೆ ಗ್ರೀಕರ ಒಲಿಂಥಸ್ ನಗರವನ್ನು ನೆಲಸಮ ಮಾಡಿಯಾಗಿತ್ತು. ಅಥೆನ್ಸಿನಲ್ಲಿ ಹಡಗುಗಳಿಗಾಗಲಿ ಹಣಕ್ಕಾಗಲಿ ಕೊರತೆಯಿಲ್ಲ, ಹಿಂದಿಗಿಂತ ಎಲ್ಲವೂ ಹೆಚ್ಚಾಗಿಯೇ ಇದೆ. ಇಲ್ಲವಾಗಿರುವುದು ಲಂಚ ಪಡೆದವರ ಬಗ್ಗೆ ಜನರಿಗಿದ್ದ ಹೇಸಿಗೆ ಮಾತ್ರ ಎಂದು ಡೆಮಾಸ್ಥೆನೀಸ್ ಸಭೆಗೆ ಹೇಳುತ್ತಾನೆ. ಈಗ ಒಬ್ಬನಿಗೆ ಹಣ ಸಿಕ್ಕರೆ ಉಳಿದವರಿಗೆ ಅಸೂಯೆ, ಅವನು ಒಪ್ಪಿಕೊಂಡರೆ ನಗು, ಅವನನ್ನು ಖಂಡಿಸಿದವರ ಮೇಲೆಯೇ ಸಿಟ್ಟು. ಇದಕ್ಕೆ ಎದುರಾಗಿ ಅವನು ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲಿದ್ದ ಕಂಚಿನ ಶಾಸನವೊಂದನ್ನು ತೋರಿಸುತ್ತಾನೆ. ಪರ್ಷಿಯಾದ ಚಿನ್ನವನ್ನು ದಕ್ಷಿಣ ಗ್ರೀಸಿನ ಪೆಲೊಪೊನೀಸಿಗೆ ತಂದ ತಪ್ಪಿಗಾಗಿ ಜೆಲಿಯಾದ ಆರ್ತ್ಮಿಯಸ್ ಎಂಬವನನ್ನು ಅವನ ವಂಶ ಸಮೇತ ವೈರಿಯೆಂದು ಸಾರಿದ ಶಾಸನ ಅದು. ಅವನು ಅಥೆನ್ಸಿನ ಪ್ರಜೆಯಲ್ಲ, ಆ ಚಿನ್ನ ಅಥೆನ್ಸಿಗೆ ಬಂದದ್ದೂ ಅಲ್ಲ! ಆದರೂ ಗ್ರೀಕರ ಸ್ವಾತಂತ್ರ್ಯವನ್ನು ಎಲ್ಲಿಯೇ ಕೊಂಡರೂ ಅದು ತಮ್ಮ ಮನೆಯ ಕಳವೆಂದು ಹಿರಿಯರು ತಿಳಿದಿದ್ದರು ಎಂಬುದು ಅವನ ವಾದ. ಮುಂದೆ ಲೆಕ್ಕಪರಿಶೋಧನೆಯ ಕೆಲಸಕ್ಕೆ ಸೇರಿ ಟೆಂಡರ್ ಕಡತಗಳನ್ನು ತಿರುವಿಹಾಕುವಾಗಲೆಲ್ಲ ನನಗೆ ಆ ಅಸೂಯೆ, ಆ ನಗು, ಆ ಸಿಟ್ಟು ಮೂರೂ ಕಣ್ಣೆದುರಿಗೇ ಕಂಡಿವೆ.

ಕ್ರಿ.ಪೂ. 338ರಲ್ಲಿ ಕೈರೋನಿಯಾದ ರಣರಂಗದಲ್ಲಿ ಫಿಲಿಪನೆದುರು ಅಥೆನ್ಸ್ ಸೋತಿತು. ಡೆಮಾಸ್ಥೆನೀಸನಿಗೆ ಗೌರವದ ಕಿರೀಟ ಕೊಡುವುದನ್ನು ಅವನ ರಾಜಕೀಯ ಎದುರಾಳಿ ಈಸ್ಕಿನೀಸ್ ನ್ಯಾಯಾಲಯದಲ್ಲಿ ವಿರೋಧಿಸಿದ್ದ. ಎಂಟು ವರ್ಷಗಳ ನಂತರ ಆ ಆರೋಪಗಳಿಗೆ ಉತ್ತರವಾಗಿ ಮಾಡಿದ ಕಿರೀಟದ ಭಾಷಣದಲ್ಲಿ ಡೆಮಾಸ್ಥೆನೀಸ್ ಆ ಸೋಲನ್ನು ಮರೆಮಾಚುವುದಿಲ್ಲ. ಸೇನೆ ಸೋತದ್ದು ನಿಜ, ಆದರೆ ಹಣ ಕೊಟ್ಟು ಕೊಳ್ಳಬಂದವನು ಪಡೆದವನನ್ನು ಹೇಗೆ ಗೆದ್ದಿರುತ್ತಾನೋ ಹಾಗೆಯೇ ಪಡೆಯದೆ ನಿಂತವನು ಕೊಳ್ಳಬಂದವನನ್ನು ಗೆದ್ದಿರುತ್ತಾನೆ. ಆದ್ದರಿಂದ ತನ್ನ ಮಟ್ಟಿಗೆ ನಗರ ಸೋತಿಲ್ಲ ಎನ್ನುತ್ತಾನೆ. ಈ ಸಾಲುಗಳನ್ನು ಗುರುಗಳು ಎರಡು ಸಲ ಓದಿದರು. ಈಸ್ಕಿನೀಸನಿಗೆ ನ್ಯಾಯದರ್ಶಿಗಳ ಐದನೆಯ ಒಂದು ಭಾಗದಷ್ಟು ಮತಗಳೂ ದೊರೆಯಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಮಗೊಬ್ಬ ಆದರ್ಶಪುರುಷ ಸಿಕ್ಕಿಬಿಡುತ್ತಿದ್ದ. ಅವರು ನಿಲ್ಲಿಸಲಿಲ್ಲ. ಸ್ವಾತಂತ್ರ್ಯದ ಪರವಾಗಿ ಹೀಗೆ ಮಾತನಾಡಿದವನ ತಂದೆಯ ಆಸ್ತಿಯೇ ಗುಲಾಮರು ದುಡಿಯುತ್ತಿದ್ದ ಕತ್ತಿ ಮತ್ತು ಮಂಚದ ಕಾರ್ಖಾನೆಗಳಾಗಿದ್ದವು ಎಂಬುದನ್ನೂ ಹೇಳಿದರು. ಫಿಲಿಪನ ಮಗ ಅಲೆಗ್ಸಾಂಡರನ ಖಜಾಂಚಿ ಹಾರ್ಪಲಸ್ ಹಣದೊಂದಿಗೆ ಅಥೆನ್ಸಿಗೆ ಓಡಿಬಂದಾಗ ಅದರಲ್ಲಿ ಪಾಲು ಪಡೆದನೆಂಬ ಆರೋಪ ಡೆಮಾಸ್ಥೆನೀಸನ ಮೇಲೆಯೇ ಬಂದಿತು. ತನಿಖೆಯಾಗಲಿ ಎಂದು ಸೂಚಿಸಿದವನೂ ಅವನೇ. ಕೊನೆಗೆ 50 ಟ್ಯಾಲೆಂಟ್ (ಬೆಳ್ಳಿಯ ತೂಕದ ದೊಡ್ಡ ಅಳತೆ) ದಂಡಕ್ಕೆ ಗುರಿಯಾಗಿ, ಕಟ್ಟಲಾರದೆ ದೇಶ ಬಿಟ್ಟವನೂ ಅವನೇ. ಅಲೆಗ್ಸಾಂಡರ್ ತೀರಿಕೊಂಡ ಮೇಲೆ ಜನ ಅವನನ್ನು ಮರಳಿ ಕರೆಸಿಕೊಂಡರು. ಮತ್ತೆ ಮ್ಯಾಸಿಡೋನಿಯಾ ಗೆದ್ದಾಗ, ಕ್ರಿ.ಪೂ. 322ರಲ್ಲಿ, ಕಲೌರಿಯಾ ದ್ವೀಪದ ಪೊಸೈಡನ್ ದೇಗುಲದಲ್ಲಿ ಆಶ್ರಯ ಪಡೆದಿದ್ದ ಅವನು ಬೆನ್ನಟ್ಟಿ ಬಂದವರ ಆಶ್ವಾಸನೆಗೆ ಮರುಳಾಗದೆ ವಿಷ ಸೇವಿಸಿದ.

ಹಾರ್ಪಲಸನ ಹಣದ ಈ ಮೊಕದ್ದಮೆಯ ಬಗ್ಗೆ ತೀರ್ಪು ಬರೆದು ತರುವಂತೆ ಗುರುಗಳು ನಮಗೆಲ್ಲ ಹೇಳಿದ್ದರು. ಮಾರಿಕೊಳ್ಳುವ ಸ್ವಭಾವದವನಾಗಿದ್ದರೆ ಕಲೌರಿಯಾದಲ್ಲಿ ಅವನಿಗೆ ರಾಜಿಯ ದಾರಿಯೊಂದು ಇದ್ದೇ ಇರುತ್ತಿತ್ತು ಎಂದು ನಾನು ವಾದಿಸಿದ್ದೆ. ಅದರ ಪಕ್ಕದಲ್ಲಿ ಅವರು, ಸಾವಿಗೆ ಅಂಜದಿರುವುದು ಹಾರ್ಪಲಸನ ಹಣದ ಪ್ರಶ್ನೆಗೆ ಉತ್ತರವಾಗುವುದಿಲ್ಲ, ಲೆಕ್ಕವನ್ನು ಲೆಕ್ಕವಾಗಿಯೇ ನೋಡು ಎಂದು ಬರೆದುಕೊಟ್ಟಿದ್ದರು.